ಎತ್ತಿಟ್ಟ ನತ್ತು

ಮಾಲನ್ನು ಮೊದಲು ಬೆಳಕಿಗೆ ಹಿಡಿಯಬೇಕು, ಆಮೇಲೆ ಅಂಗೈಯಲ್ಲಿ ತೂಗಬೇಕು, ಮಾರುವವನ ಹೊಗಳಿಕೆಯನ್ನು ಕಡೆಗೆ ಕೇಳಬೇಕು. ಹೈದರಾಬಾದಿನ ಪತ್ಥರಗಟ್ಟಿಯಲ್ಲಿ ಮುತ್ತಿನ ವ್ಯಾಪಾರ ಮಾಡುವವರ ಕ್ರಮ ಇದು. ಈ ಕ್ರಮದಲ್ಲಿ ನೋಡಿದರೆ ಬೇಗಂಪೇಟೆಯ ಪ್ರಹ್ಲಾದರಾಯರ ಮಗಳು ನಲಿನಿಬಾಯಿ ಎರಡನೆಯ ದರ್ಜೆಯ ಮಾಲು. ಎತ್ತರ ತುಸು ಹೆಚ್ಚು, ಬಣ್ಣ ತುಸು ಕಡಿಮೆ, ದನಿ ಬೇಕಾದ್ದಕ್ಕಿಂತ ಮೂರು ಪಟ್ಟು. ಹಲ್ಲು ಚೆನ್ನಾಗಿವೆ. ಮೂಗಂತೂ ಬಹಳ ಚೆನ್ನ. ನತ್ತು ಇಡುವುದಕ್ಕೆಂದೇ ಮಾಡಿದ ಹಾಗಿದೆ. ಕಸುಬಿನ ದೆಸೆಯಿಂದ ಹೆಂಗಸರ ಮುಖದಲ್ಲಿ ನಾನು ಹೆಚ್ಚಾಗಿ ನೋಡಿದ್ದೇ ಮೂಗು, ಆದ್ದರಿಂದ ಈ ಮಾತನ್ನು ನಂಬಬಹುದು. ಕಣ್ಣು ಮಾತ್ರ ಗಿರಾಕಿಗೆ ತೋರಿಸುವಂಥವಲ್ಲ. ಎದುರಿಗಿದ್ದವನ ಜೇಬು ತುಂಬಿದೆಯೋ ಖಾಲಿಯೋ ಎಂದು ನೋಡುವ ಕಣ್ಣು. ಅದು ವ್ಯಾಪಾರಿಗೆ ಇರಬೇಕು, ಮದುವೆಯಾಗಬೇಕಾದ ಹುಡುಗಿಗೆ ಇರಬಾರದು.

ಹೀಗೆ ಬರೆದದ್ದಕ್ಕೆ ಆಕೆ ಬೇಸರಪಡುವುದಿಲ್ಲ. ಓದಿ ಕೇಳಿಸಿದರೆ, ದನಿ ನಾಲ್ಕು ಪಟ್ಟು ಅಂತ ತಿದ್ದಿಕೊಳ್ಳಿ ಎಂದಾಳು.

ಪ್ರಹ್ಲಾದರಾಯರು ರಾಯಚೂರು ಕಡೆಯ ವೈಷ್ಣವರು, ಸೆಕ್ರೆಟರಿಯೇಟಿನಲ್ಲಿ ಗುಮಾಸ್ತರು. ನಿಜಾಮನ ಕಾಲದಲ್ಲಿ ಉರ್ದುವಿನಲ್ಲಿ ಕಡತ ಬರೆದವರು. ಭಾಷೆಯ ಲೆಕ್ಕದಲ್ಲಿ ರಾಜ್ಯಗಳನ್ನು ಹಂಚಿದಾಗ ರಾಯಚೂರು ಮೈಸೂರಿನ ಪಾಲಿಗೆ ಹೋಯಿತು, ಹೈದರಾಬಾದು ಆಂಧ್ರಪ್ರದೇಶದ ರಾಜಧಾನಿಯಾಯಿತು, ರಾಯರು ಕುರ್ಚಿ ಬಿಡಲಾರದೆ ಇಲ್ಲೇ ಉಳಿದರು. ಕುರ್ಚಿ ಇಲ್ಲಿ, ಬೀಗರಾಗಬಲ್ಲವರು ಅಲ್ಲಿ. ಇದರ ನಷ್ಟ ಆಗ ತಿಳಿಯಲಿಲ್ಲ, ಮಗಳು ದೊಡ್ಡವಳಾದ ಮೇಲೆ ತಿಳಿಯಿತು. ತಮ್ಮ ಮತದ, ತಮ್ಮ ಮಾತಿನ ವರ ಬೇಕೆಂದರೆ ರಾಯಚೂರು, ಗುಲಬರ್ಗಾ, ಯಾದಗಿರಿ, ಲಿಂಗಸೂಗೂರುಗಳಿಂದಲೇ ಬರಬೇಕು. ಬರುವುದಕ್ಕೆ ಅನುಕೂಲವೂ ಇತ್ತು. ರಾಯರ ಕ್ವಾರ್ಟರ್ಸು ಬೇಗಂಪೇಟೆ ಸ್ಟೇಷನ್ನಿನ ಹಿಂದೆಯೇ ಇತ್ತು. ವಾಡಿಯ ಕಡೆಯಿಂದ ಬರುವ ರೈಲು ಪಟ್ಟಣದೊಳಗೆ ಹೋಗುವ ಮೊದಲು ಅಲ್ಲಿ ನಿಲ್ಲುತ್ತಿತ್ತು. ವರನ ಕಡೆಯವರಿಗೆ ರಿಕ್ಷಾದ ಖರ್ಚೂ ಇರಲಿಲ್ಲ.

ನಾನು ಹುಮನಾಬಾದಿನ ಕಡೆಯ ಲಿಂಗವಂತ, ರಾಯರು ಮಡಿವಂತರು. ನನ್ನ ಅಂಗಡಿಯಲ್ಲಿ ನೀರು ಮುಟ್ಟುತ್ತಿರಲಿಲ್ಲ. ಆದರೆ ಸಂಜೆ ಕಚೇರಿ ಬಿಟ್ಟು ಬಂದು, ಹೊಟ್ಟೆ ತುಂಬ ಕನ್ನಡ ಮಾತಾಡಿ ಹೋಗುತ್ತಿದ್ದರು. ಮಾತಿಗೆ ಮಡಿ ಇರಲಿಲ್ಲ.

ಮೊದಲ ಕೆಲವು ಸಲ ಅವರು ಕನ್ಯಾ ತೋರಿಸಿದ್ದು ಮನೆಯಲ್ಲೇ. ಶಿರಾ, ಉಪ್ಪಿಟ್ಟು, ಹುಡುಗಿಯ ಕೈಯಿಂದ ಚಹಾ, ಒಂದು ದೇವರ ಹಾಡು. ಹಾಡುವಾಗ ನಲಿನಿಯ ದನಿ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ತನಕ ಹೋಗುತ್ತಿತ್ತು. ಊರಿಗೆ ಹೋಗಿ ಕಾಗದ ಬರೆಯುತ್ತೇವೆ ಎಂದವರು ಬರೆಯುತ್ತಿರಲಿಲ್ಲ. ಅದನ್ನೂ ಸಹಿಸಬಹುದಿತ್ತು, ಆದರೆ ಕ್ವಾರ್ಟರ್ಸಿನಲ್ಲಿ ಗೋಡೆ ತೆಳುವು. ಇವರ ಒಲೆಯ ಮೇಲೆ ರವೆ ಹುರಿದ ವಾಸನೆ ಬಂದರೆ ಸಾಕು, ಪಕ್ಕದ ಮನೆಯಾಕೆ ಈ ಸಲ ಯಾವ ಊರಿನವರು ಎಂದು ತೆಲುಗಿನಲ್ಲಿ ವಿಚಾರಿಸುತ್ತಿದ್ದಳು. ರಾಯರ ಹೆಂಡತಿ ಗೋದಾಬಾಯಿ ಮನೆಯಲ್ಲಿ ಶಿರಾ ಮಾಡುವುದನ್ನೇ ಬಿಟ್ಟರು. ಏಕಾದಶಿಯ ಮರುದಿನ ಕೂಡ ಮಾಡಲಿಲ್ಲ.

ಆಗ ರಾಯರು ನೌಕರಿಯ ಜನ ಸದ್ದಿಲ್ಲದೆ ಮಾಡಿಕೊಂಡಿದ್ದ ಒಂದು ಉಪಾಯಕ್ಕೆ ಬಂದರು. ಹುಡುಗಿಯನ್ನು ಮನೆಯಲ್ಲಿ ತೋರಿಸದೆ ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ತೋರಿಸುವುದು. ಬಂದವರು ಹುಡುಗಿಯನ್ನು ನೋಡಲು ಬಂದಿಲ್ಲ, ಮ್ಯೂಸಿಯಂ ನೋಡಲು ಬಂದಿದ್ದಾರೆ. ಅಲ್ಲಿ ಅಕಸ್ಮಾತ್ತಾಗಿ ಪರಿಚಯದವರ ಭೇಟಿಯಾಗಿದೆ. ಒಪ್ಪಿಗೆಯಾದರೆ ದೇವರಿಚ್ಛೆ. ಆಗದಿದ್ದರೆ ಯಾರೂ ಯಾರನ್ನೂ ನೋಡಿಲ್ಲ. ಶುಕ್ರವಾರ ಮ್ಯೂಸಿಯಂಗೆ ರಜೆ, ಉಳಿದ ದಿನ ಯಾವಾಗಲಾದರೂ ಬರಬಹುದು.

ಆ ಮ್ಯೂಸಿಯಂನಲ್ಲಿ ಎಲ್ಲರೂ ಹುಡುಕಿಕೊಂಡು ಹೋಗಿ ನೋಡುವ ಗಡಿಯಾರವೊಂದಿದೆ. ಗಂಟೆ ಆಗುವ ಹೊತ್ತಿಗೆ ಸರಿಯಾಗಿ ಒಳಗಿಂದ ಬೆರಳುದ್ದದ ಬೊಂಬೆಯೊಂದು ಬಂದು, ಗಂಟೆ ಬಾರಿಸಿ ಒಳಗೆ ಹೋಗುತ್ತದೆ. ಹನ್ನೆರಡಕ್ಕೆ ಜನ ಹೆಚ್ಚು, ಏಕೆಂದರೆ ಹೆಚ್ಚು ಹೊತ್ತು ಬಾರಿಸುತ್ತದೆ. ನಮ್ಮ ಜನ ಪುಕ್ಕಟೆ ಸಿಗುವುದರಲ್ಲಿಯೂ ತೂಕ ನೋಡುತ್ತಾರೆ. ರಾಯರು ಹೊತ್ತು ಹಾಕಿಕೊಂಡದ್ದು ಆ ಹನ್ನೆರಡಕ್ಕೇ. ವರನ ಕಡೆಯವರು ಗಡಿಯಾರದ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದರು, ನಲಿನಿ ಬೆಂಚಿನ ಹಿಂದೆ ತಾಯಿಯ ಜೊತೆ ನಿಲ್ಲುತ್ತಿದ್ದಳು. ನೋಡಬೇಕೆಂದವರು ತಿರುಗಿ ನೋಡಬಹುದಿತ್ತು. ಪಕ್ಕದ ಕೋಣೆಯಲ್ಲಿ ಮುಸುಕು ಹೊದ್ದ ಅಮೃತಶಿಲೆಯ ಹೆಣ್ಣಿನ ವಿಗ್ರಹವಿದೆ. ಮೊದಲ ಸಲ ರಾಯರು ಮಗಳನ್ನು ಅದರ ಹತ್ತಿರ ನಿಲ್ಲಿಸಿದ್ದರಂತೆ. ನಾನು ಬೈದೆ. ಅಸಲಿ ಮುತ್ತಿನ ಪಕ್ಕ ನಕಲಿ ಇಟ್ಟರೆ ಹೊಳೆಯುವುದು ನಕಲಿಯೇ.

ಈ ಉಪಾಯದಲ್ಲಿ ಒಂದು ತೂತಿತ್ತು. ಮಾನ ಉಳಿಯಲೆಂದು ರಾಯರು ಮಾಡಿದ ಏರ್ಪಾಟು, ವರನ ಕಡೆಯವರಿಗೆ ಪುಕ್ಕಟೆ ಹೈದರಾಬಾದು ತೋರಿಸುವ ಏರ್ಪಾಟಾಯಿತು. ರಾಯರಿಗೆ ಈ ಊರಿನ ಮೇಲೆ ವಿಪರೀತ ಅಭಿಮಾನ. ಇಷ್ಟು ದೂರ ಬಂದವರನ್ನು ಬರೀ ಮ್ಯೂಸಿಯಂ ತೋರಿಸಿ ಕಳಿಸುವುದು ಹೇಗೆ? ಚಾರ್‌ಮಿನಾರ್ ಆಗಬೇಕು, ಗೋಲ್ಕೊಂಡ ಆಗಬೇಕು, ಹುಲಿ ನೋಡಲು ಜೂ ಆಗಬೇಕು, ನಡುವೆ ನನ್ನ ಅಂಗಡಿಯಲ್ಲಿ ಮುತ್ತು ನೋಡಬೇಕು. ಎರಡು ದಿನ ಊಟ, ವಸತಿ, ಬಸ್ಸಿನ ಟಿಕೆಟ್ಟು ರಾಯರದೇ. ಪಕ್ಕದವರಿಗೆ ಊರು ನೋಡಲು ಬಂದ ನೆಂಟರು ಎಂದು ಹೇಳುತ್ತಿದ್ದರು. ರಾಯರಿಗೆ ಕಚೇರಿ ತಪ್ಪುವಂತಿಲ್ಲ, ಗೋದಾಬಾಯಿಗೆ ಕಾಲುನೋವು. ಆಕೆ ಮ್ಯೂಸಿಯಂ ತನಕ ಬಂದು ಅಡಿಗೆಗೆಂದು ಹಿಂತಿರುಗುತ್ತಿದ್ದರು. ಊರು ತೋರಿಸುವ ಕೆಲಸ ನಲಿನಿಯ ಪಾಲಿಗೆ ಬಂತು. ಹೀಗೆ ನೋಡಲು ಬಂದವರಿಗೆ ನೋಡಿಸಿಕೊಳ್ಳುವವಳೇ ಗೈಡಾದಳು. ಬಿಸಿಲಲ್ಲಿ ಅಲೆದು ಬಣ್ಣ ಕಪ್ಪಾಯಿತು, ಗದ್ದಲದಲ್ಲಿ ಕೂಗಿ ದನಿ ದಪ್ಪವಾಯಿತು. ತೋರಿಸಿದಷ್ಟೂ ಮಾಲು ಕೆಡುತ್ತ ಹೋಯಿತು.

ಸುದ್ದಿ ಆ ಕಡೆ ಹರಡಿತು. ರಜೆಯಲ್ಲಿ ಮಂತ್ರಾಲಯಕ್ಕೆ ಹೋಗೋಣವೋ, ಪ್ರಹ್ಲಾದರಾಯರ ಮಗಳನ್ನು ನೋಡೋಣವೋ ಎಂದು ಮನೆಗಳಲ್ಲಿ ವಿಚಾರ ನಡೆಯುತ್ತಿತ್ತಂತೆ. ಲಿಂಗಸೂಗೂರಿನ ನರಸಿಂಹಾಚಾರ್ಯ ಎಂಬವರು ಹೆಂಡತಿ, ನಾದಿನಿ, ಮಕ್ಕಳ ಹಿಂಡು ಕಟ್ಟಿಕೊಂಡು ಬಂದರು. ವರ ಮಾತ್ರ ಇರಲಿಲ್ಲ. ಅವನಿಗೆ ರಜೆ ಸಿಗಲಿಲ್ಲವಂತೆ. ನಾವು ನೋಡಿದರೆ ಅವನು ನೋಡಿದ ಹಾಗೆಯೇ ಎಂದರು. ಮರುವರ್ಷ ಮತ್ತೆ ಬಂದರು. ಆಗಲೂ ವರನಿಗೆ ರಜೆಯಿರಲಿಲ್ಲ. ಹೋದ ಸಲ ಜೂ ನೋಡುವುದು ಉಳಿದಿತ್ತು.

ನನ್ನ ಕಸುಬಿನಲ್ಲಿ ಇಂಥವರನ್ನು ಗುರುತು ಹಿಡಿಯಲು ಒಂದೇ ಸೂತ್ರ: ಬೆಲೆ ಕೇಳದವನು ಕೊಳ್ಳುವುದಿಲ್ಲ. ಕೊಳ್ಳುವವನು ಬೆಲೆ ಕೇಳುತ್ತಾನೆ, ಮುಖ ಸಿಂಡರಿಸುತ್ತಾನೆ, ಎದ್ದು ಹೋಗುತ್ತಾನೆ, ಬಾಗಿಲಿಂದ ತಿರುಗಿ ಬರುತ್ತಾನೆ. ಕೊಳ್ಳದವನು ಎಲ್ಲವನ್ನೂ ಹೊಗಳಿ, ಒಂದನ್ನು ಆರಿಸಿ, ಇದನ್ನು ಎತ್ತಿಡಿ, ನಾಳೆ ಬರುತ್ತೇವೆ ಎನ್ನುತ್ತಾನೆ. ಅಂಥ ಮಾಲಿಗಾಗಿ ನನ್ನ ಗಲ್ಲೆಯ ಪಕ್ಕ ಒಂದು ತಗಡಿನ ಡಬ್ಬಿ ಇದೆ. ಅವರು ಮೆಟ್ಟಿಲಿಳಿದ ಮೇಲೆ ಡಬ್ಬಿಯಿಂದ ಮಾಲು ತೆಗೆದು ಕಪಾಟಿಗೆ ಮರಳಿಸುತ್ತೇನೆ. ವರ್ಷಗಟ್ಟಲೆ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು, ತನ್ನನ್ನು ನೋಡಲು ಬಂದವರು ನನ್ನ ಮುತ್ತು ನೋಡುವುದನ್ನು ನೋಡುತ್ತ, ನಲಿನಿ ಈ ಸೂತ್ರ ಕಲಿತಳು. ಗೋತ್ರ ಕೇಳದವರು, ಕುಂಡಲಿ ಬೇಡದವರು, ವರದಕ್ಷಿಣೆಯ ಮಾತೇ ಎತ್ತದ ದೊಡ್ಡ ಮನಸ್ಸಿನವರು ಯಾರೆಂದು ಆಕೆಗೆ ತಿಳಿಯತೊಡಗಿತು. ತಂದೆಗೆ ತಿಳಿಯಲಿಲ್ಲ. ನಾನು ಒಮ್ಮೆ ಹೇಳಿದೆ. "ಕಲ್ಯಾಣಪ್ಪನವರ, ನೀವು ಮುತ್ತು ಮಾರಾವ್ರು, ನಿಮಗ ಎಲ್ಲಾರೂ ಗಿರಾಕಿ ಕಂಡಾಂಗ ಕಾಣ್ತಾರ" ಎಂದು ನಕ್ಕರು.

ಆಕೆ ನನ್ನ ಸೂತ್ರಕ್ಕೆ ತನ್ನದೊಂದನ್ನು ಸೇರಿಸಿಕೊಂಡಳು. ಗಡಿಯಾರ ಹನ್ನೆರಡು ಬಾರಿಸುವಾಗ ಬೆಂಚಿನ ಹಿಂದೆ ನಿಂತು ತಲೆಗಳನ್ನು ನೋಡುವುದು. ಹುಡುಗಿಗಾಗಿ ಬಂದಿದ್ದರೆ ಒಂದು ತಲೆಯಾದರೂ ಅಷ್ಟರಲ್ಲಿ ಹಿಂದೆ ತಿರುಗಬೇಕು. "ಒಂದೂ ತಿರಗಾಂಗಿಲ್ಲರಿ ಕಾಕಾ" ಎಂದಳು ಒಂದು ದಿನ, ಹವೆಯ ವಿಷಯ ಹೇಳಿದ ಹಾಗೆ. "ನನಗಿಂತ ಆ ಬೊಂಬಿನೇ ಛಂದ ಅದ ಅಂತೀನಿ. ಅದು ತಾನಾಗೇ ಒಳಗರ ಹೋಗ್ತದ."

ಆಮೇಲೆ ಆಕೆ ಗೋಲ್ಕೊಂಡದ ಆಟ ಶುರುಮಾಡಿದಳು.

ಗೋಲ್ಕೊಂಡ ಕೋಟೆಯ ಬಾಗಿಲಲ್ಲಿ ಒಂದು ಗುಮ್ಮಟವಿದೆ. ಅದರ ಕೆಳಗೆ ನಿಂತು ಚಪ್ಪಾಳೆ ಹೊಡೆದರೆ ಗುಡ್ಡದ ನೆತ್ತಿಯ ಮೇಲಿನ ಬಾಲಾ ಹಿಸಾರ ಎಂಬ ಮಂಟಪದಲ್ಲಿ ನಿಂತವರಿಗೆ ಕೇಳುತ್ತದೆ. ಹೈದರಾಬಾದಿಗೆ ಬಂದವರು ಇದನ್ನು ಕೇಳದೆ ಹೋಗುವುದಿಲ್ಲ. ಇದಕ್ಕೆ ಇಬ್ಬರು ಬೇಕು: ಮೇಲೆ ಹತ್ತಿ ಕೇಳುವವರು, ಕೆಳಗೆ ನಿಂತು ಹೊಡೆಯುವವರು. ನಲಿನಿ ಕೆಳಗೆ ನಿಲ್ಲುತ್ತಿದ್ದಳು. ಹತ್ತಿ ಹೋಗಿ, ಚಪ್ಪಾಳೆ ಕೇಳುವ ತನಕ ಇಳಿಯಬೇಡಿ ಎನ್ನುತ್ತಿದ್ದಳು. ಅವರು ಏದುಸಿರು ಬಿಡುತ್ತ ಆ ಮೆಟ್ಟಿಲುಗಳನ್ನು ಹತ್ತಿ ಮರೆಯಾದ ಕೂಡಲೇ ಹೊರಗೆ ಬಂದು ಬಸ್ಸು ಹತ್ತಿ ಮನೆಗೆ ಹೋಗುತ್ತಿದ್ದಳು.

ಮೊದಲು ಸಿಕ್ಕಿಬಿದ್ದವರು ನರಸಿಂಹಾಚಾರ್ಯರೇ, ಮೂರನೆಯ ಸಲ ಬಂದಾಗ. ಮರುದಿನ ಕೆಂಪು ಮುಖ ಮಾಡಿಕೊಂಡು ನನ್ನ ಅಂಗಡಿಗೆ ಬಂದು, ಆ ಹುಡುಗಿ ಚಪ್ಪಾಳೆ ಹೊಡೆಯಲೇ ಇಲ್ಲ, ನಾವು ಸಂಜೆಯ ತನಕ ಕಿವಿ ಒಡ್ಡಿಕೊಂಡು ನಿಂತಿದ್ದೆವು ಎಂದು ದೂರಿದರು. ವರನಿಗೆ ರಜೆ ಸಿಕ್ಕ ಮೇಲೆ ಹೊಡೀತಾಳಂತ ಬಿಡ್ರಿ ಎಂದೆ. ಅವರು ರಾಯರ ಎದುರು ದೂರುವಂತಿರಲಿಲ್ಲ. ದೂರಬೇಕಾದರೆ ಏತಕ್ಕೆ ಬಂದಿದ್ದೆವೆಂದೂ ಹೇಳಬೇಕಾಗುತ್ತದೆ. ನಾನು ಆ ವಾರವೆಲ್ಲ ನೆನೆಸಿಕೊಂಡು ನಕ್ಕೆ.

ಹೀಗೆ ಕೆಲವು ವರ್ಷ ನಡೆಯಿತು. ಪ್ರಹ್ಲಾದರಾಯರ ನಿವೃತ್ತಿಗೆ ಒಂದು ವರ್ಷ ಉಳಿಯಿತು. ನಿವೃತ್ತಿಯಾದರೆ ಕ್ವಾರ್ಟರ್ಸು ಬಿಡಬೇಕು, ಬಂದವರನ್ನು ಇಳಿಸಿಕೊಳ್ಳಲು ಜಾಗವಿರುವುದಿಲ್ಲ, ಸೆಕ್ರೆಟರಿಯೇಟಿನವರ ಮಗಳು ಎಂಬ ಬಿರುದೂ ಇರುವುದಿಲ್ಲ. ನಲಿನಿಗೆ ಮೂವತ್ತು ಹತ್ತಿರವಾಗಿತ್ತು. ಆ ಮೇ ತಿಂಗಳಲ್ಲಿ ರಾಯಚೂರಿನಿಂದ ಒಂದು ಕಾರ್ಡು ಬಂತು. ವರನ ಹೆಸರು ಗುರುರಾಜ, ಬ್ಯಾಂಕಿನಲ್ಲಿ ಕ್ಯಾಶಿಯರು, ತಂದೆಯಿಲ್ಲ, ತಾಯಿ ಗಂಗೂಬಾಯಿ ಒಬ್ಬರೇ. ಕುಂಡಲಿ ಬೇಡ, ರಾಯರ ಮೇಲೆ ಭರವಸೆಯಿದೆ ಎಂದು ಬರೆದಿದ್ದರು. ರಾಯರು ಕಾರ್ಡನ್ನು ಅಂಗಡಿಗೆ ತಂದು ಎರಡು ಸಲ ಓದಿದರು. ಇದು ತಪ್ಪಿದರೆ ಇನ್ನು ನನ್ನ ಕೈಲಿ ಆಗುವುದಿಲ್ಲ ಎಂದರು. ಆ ಮಾತು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ, ತಕ್ಕಡಿ ನೋಡುತ್ತಿದ್ದರು.

ಸ್ಟೂಲಿನ ಮೇಲಿದ್ದ ನಲಿನಿ ಕಾರ್ಡು ಇಸಿದುಕೊಂಡು ಓದಿದಳು. ಕುಂಡಲಿ ಬೇಡ ಎಂಬ ಸಾಲಿನ ಮೇಲೆ ಬೆರಳಿಟ್ಟು ನನಗೆ ತೋರಿಸಿದಳು.

ತಾಯಿ ಮಗ ಇಬ್ಬರೇ ಬಂದರು. ಹನ್ನೆರಡಕ್ಕೆ ಗಡಿಯಾರದ ಮುಂದೆ ಕೂತರು. ಗಂಗೂಬಾಯಿ ತಿರುಗಲಿಲ್ಲ, ಆಕೆ ಬೊಂಬೆ ಕಂಡು ಕೈಮುಗಿದರಂತೆ. ಗುರುರಾಜನೂ ತಿರುಗಲಿಲ್ಲ. ಬೊಂಬೆ ಒಳಗೆ ಹೋದ ಮೇಲೂ ಕೂಸಿನ ಹಾಗೆ ಗಡಿಯಾರವನ್ನೇ ನೋಡುತ್ತ ಕೂತಿದ್ದ. ನಲಿನಿಯ ಲೆಕ್ಕ ಅಲ್ಲಿಗೆ ಮುಗಿಯಿತು.

ಆಮೇಲೆ ನನ್ನ ಅಂಗಡಿಗೆ ಬಂದರು. ಗಂಗೂಬಾಯಿ ದಪ್ಪ ದೇಹದ, ಮೆತ್ತಗಿನ ಮಾತಿನ ಹೆಂಗಸು. ಎರಡು ಮೆಟ್ಟಿಲು ಹತ್ತುವುದಕ್ಕೇ ಮಗನ ಭುಜ ಹಿಡಿದಿದ್ದರು. ಮದುವೆಯ ನತ್ತು ತೋರಿಸಿ ಎಂದರು. ತೋರಿಸಿದೆ. ಒಂದೊಂದನ್ನೇ ಎತ್ತಿ, ಅದನ್ನು ನೋಡಿ, ಬಾಗಿಲ ಬಳಿ ನಿಂತ ನಲಿನಿಯ ಮೂಗು ನೋಡಿ, ಮತ್ತೆ ಅದನ್ನು ನೋಡಿ, ಕೆಳಗಿಡುತ್ತಿದ್ದರು. ನನ್ನಲ್ಲಿದ್ದ ಒಳ್ಳೆಯ ನತ್ತೇ ಕಡೆಗೆ ಅವರ ಕೈಯಲ್ಲಿ ಉಳಿಯಿತು, ಬಸ್ರಾ ಬಂದರಿನ ಹಳೆಯ ಮುತ್ತು, ನಡುವೆ ಒಂದು ಕೆಂಪು ಹರಳು. ಮಗ ನೆಲ ನೋಡುತ್ತ ನಿಂತಿದ್ದ.

"ಇದನ್ನ ಎತ್ತಿಡ್ರಿ ಸಾವ್ಕಾರ್ರ, ನಾಳೆ ಬರ್ತೀವಿ" ಎಂದರು. ಬೆಲೆ ಕೇಳಲಿಲ್ಲ.

ನಲಿನಿ ಬಾಗಿಲಲ್ಲೇ ನಿಂತು ನನ್ನ ಕಡೆ ನೋಡಿ ಸಣ್ಣಗೆ ನಕ್ಕಳು. ನಾನು ನತ್ತನ್ನು ತಗಡಿನ ಡಬ್ಬಿಗೆ ಹಾಕಿದೆ.

ಮುಂದಿನದು ನನಗೆ ಗುರುರಾಜನಿಂದ ತಿಳಿದದ್ದು. ಗೋಲ್ಕೊಂಡ ತಲಪುವಾಗ ಬಿಸಿಲು ನೆತ್ತಿಯಿಂದ ತುಸು ಇಳಿದಿತ್ತು, ಕಾವು ಇಳಿದಿರಲಿಲ್ಲ. ಮೇ ತಿಂಗಳ ಆ ಹೊತ್ತಿಗೆ ಬೇರೆ ನೋಡುಗರಿರಲಿಲ್ಲ. ಮಗ ತಾಯಿಗೆ ಹತ್ತುವುದು ಬೇಡವೆಂದ. ನಲಿನಿ, ಇಷ್ಟು ದೂರ ಬಂದು ಚಪ್ಪಾಳೆ ಕೇಳದೆ ಹೋದರೆ ಗೋಲ್ಕೊಂಡ ನೋಡಿದ ಹಾಗಾಗುವುದಿಲ್ಲ ಎಂದಳು. "ಸಾವಕಾಶ ಹತ್ತರಿ. ನಾ ಇಲ್ಲೇ ನಿಂತು ಹೊಡೀತೀನಿ. ಕೇಳಸೂ ತನಕಾ ಇಳೀಬ್ಯಾಡ್ರಿ."

"ಬಿಸಲಾಗ ನಿಂದರಬ್ಯಾಡವ್ವ" ಎಂದರಂತೆ ಗಂಗೂಬಾಯಿ. "ಕಟ್ಟಿ ಮ್ಯಾಲೆ ಕೂತು ಹೊಡಿ."

ಹತ್ತುವುದಕ್ಕೆ ಬಹಳ ಹೊತ್ತು ಹಿಡಿಯಿತು. ಮೇಲೆ ಕಲ್ಲು ಕಾದಿತ್ತು. ತಂಬಿಗೆಯಲ್ಲಿ ಒಯ್ದಿದ್ದ ನೀರು ದಾರಿಯಲ್ಲೇ ಮುಗಿದಿತ್ತು. ಇಬ್ಬರೂ ಗೋಡೆಯ ಬಳಿ ನಿಂತು ಕಿವಿಗೊಟ್ಟರು. ಗಾಳಿಯ ಸದ್ದು ಬಿಟ್ಟು ಏನೂ ಬರಲಿಲ್ಲ. ಇಳಿಯೋಣ ಎಂದು ಮಗ ಹೇಳಿದ. ತಾಯಿ ಒಪ್ಪಲಿಲ್ಲ. "ಆ ಹುಡುಗಿ ನಮ್ಮ ಸಲವಾಗಿ ಕೆಳಗ ನಿಂತು ಹೊಡೀಲಿಕತ್ತಾಳ. ಕೇಳಲಾರದ ಇಳದು ಹೋಗಿ ಅಕಿಗಿ ಏನಂತ ಹೇಳೋದು? ಸುಳ್ಳ ಹೇಳಬೇಕಾಗ್ತದ" ಎಂದರು. ಸೊಸೆಯಾಗುವವಳಿಗೆ ಮೊದಲ ದಿನವೇ ಸುಳ್ಳು ಹೇಳಲು ಆಕೆಗೆ ಮನಸ್ಸಿರಲಿಲ್ಲ. ಒಂದು ಕಿವಿ ಆದ ಮೇಲೆ ಇನ್ನೊಂದು ಕಿವಿಯನ್ನು ಕೆಳಗಿನ ದಿಕ್ಕಿಗೆ ಹಿಡಿದು ನಿಂತರು. ನಿಂತಲ್ಲೇ ಕುಸಿದರು.

ಗುರುರಾಜ ತಾಯಿಯನ್ನು ಬೆನ್ನ ಮೇಲೆ ಹಾಕಿಕೊಂಡು ಇಳಿದ. ಗುಮ್ಮಟದ ಕೆಳಗೆ ಯಾರೂ ಇರಲಿಲ್ಲ. ಜೊತೆಗಿದ್ದ ಹುಡುಗಿ ಎಲ್ಲಿ ಎಂದು ಕಾವಲಿನವನನ್ನು ಕೇಳಿದ. ನೀವು ಹತ್ತಿದ ಕೂಡಲೇ ಆಕೆ ಬಸ್ಸಿಗೆ ಹೋದರಲ್ಲ ಎಂದು ಕಾವಲಿನವನು ಉರ್ದುವಿನಲ್ಲಿ ಹೇಳಿದ. ಗುರುರಾಜ ಎರಡನೆಯ ಸಲ ಕೇಳಲಿಲ್ಲ.

ಗಂಗೂಬಾಯಿ ಆಸ್ಪತ್ರೆಯಲ್ಲಿ ಕೆಲವು ದಿನ ಉಳಿದರು. ರಾಯರು ರಜೆ ಹಾಕಿ ಬಾಗಿಲಲ್ಲಿ ಕೂತರು. ಗೋದಾಬಾಯಿ ಮಗಳ ಕೈಯಲ್ಲಿ ಗಂಜಿ ಕಳಿಸುತ್ತಿದ್ದರು. ಎಚ್ಚರವಿದ್ದಾಗ ಗಂಗೂಬಾಯಿ ನಲಿನಿಯ ಎರಡೂ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದರು.

"ನನ್ನ ಕಿವಿ ಮಂದ ಆಗ್ಯಾವ ತಂಗಿ. ನೀ ಎಷ್ಟು ಹೊಡದಿಯೋ ಏನೋ, ನನಗ ಕೇಳಲಿಲ್ಲ. ಬ್ಯಾಸರ ಮಾಡಿಕೋಬ್ಯಾಡ."

ಗುರುರಾಜ ಮಂಚದ ಆಚೆ ನಿಂತಿದ್ದ. ನಲಿನಿ ಅವನ ಮುಖ ನೋಡಿದಳು. ಅವನು ಬಾಯಿ ಬಿಡಲಿಲ್ಲ. ಆಕೆಯೂ ಬಿಡಲಿಲ್ಲ. ನಾಲ್ಕು ಪಟ್ಟು ದನಿಯ ಹುಡುಗಿ.

ಹೆಣವನ್ನು ರಾಯಚೂರಿಗೆ ಒಯ್ದರು. ಮುಂದಿನದನ್ನು ನಮ್ಮ ಜನ ಮಾಡಿದರು. ನೋಡಲು ಹೋದ ಹೆಣ್ಣಿನ ಕಾಲ್ಗುಣಕ್ಕೆ ಅತ್ತೆಯೇ ಹೋದಳು ಎಂಬ ಮಾತು ರೈಲಿಗಿಂತ ಮುಂಚೆ ಯಾದಗಿರಿ ಮುಟ್ಟಿತು. ನರಸಿಂಹಾಚಾರ್ಯರು, ಮೂರು ಸಲ ನೋಡಿಯೂ ತಾವು ಒಪ್ಪದೆ ಇದ್ದದ್ದು ಗುರುಗಳ ಕೃಪೆ ಎಂದು ಹೇಳಿಕೊಂಡು ತಿರುಗಿದರಂತೆ. ಆ ವರ್ಷದಿಂದ ಬೇಗಂಪೇಟೆಯಲ್ಲಿ ರಾಯರ ಮನೆಗೆಂದು ಯಾರೂ ಇಳಿಯಲಿಲ್ಲ. ನಿಜವಾದ ವರಗಳೂ ಬರಲಿಲ್ಲ, ಸುಳ್ಳು ವರಗಳೂ ಬರಲಿಲ್ಲ. ಹೈದರಾಬಾದು ನೋಡಬೇಕಾದವರು ತಮ್ಮ ಖರ್ಚಿನಲ್ಲಿ ನೋಡಿದರು.

ಮಳೆಗಾಲ ಶುರುವಾದ ಮೇಲೆ ಗುರುರಾಜ ಒಬ್ಬನೇ ಅಂಗಡಿಗೆ ಬಂದ. ಬೋಳಿಸಿದ ತಲೆಯಲ್ಲಿ ಕೂದಲು ಆಗಷ್ಟೇ ಚಿಗುರಿತ್ತು. ಎತ್ತಿಟ್ಟ ನತ್ತು ಕೊಡಿ ಎಂದ. ನಾನು ಡಬ್ಬಿಯ ಕಡೆ ಕೈ ಚಾಚಿ, ನೆನಪಾಗಿ, ಕಪಾಟಿನಿಂದ ತೆಗೆದೆ. ಅವನು ಅದನ್ನು ನೋಡಿದ. ಬೆಲೆ ಹೇಳಿದೆ, ಹೇಳಿದಷ್ಟೂ ಕೊಟ್ಟ. ಅವನ ಮುಖ ಕಂಡು ನಾನೇ ಒಂದಿಷ್ಟು ಬಿಟ್ಟುಕೊಡಲು ಹೋದೆ. ಅವನು ಕೈ ಅಡ್ಡ ಹಿಡಿದ.

"ಬ್ಯಾಡ್ರಿ. ಮಂಗಳದ ಒಡವಿಗೆ ಚೌಕಾಶಿ ಮಾಡಬಾರದು, ಬೆಲಿನೂ ಕೇಳಬಾರದು ಅಂತ ನಮ್ಮಮ್ಮಂದು ಪದ್ಧತಿ."

ಮೂವತ್ತು ವರ್ಷದ ವ್ಯಾಪಾರದಲ್ಲಿ ಆ ಪದ್ಧತಿ ನಾನು ಕೇಳಿರಲಿಲ್ಲ. ನನ್ನ ಅಂಗಡಿಗೆ ಬರುವ ಅತ್ತೆಯರು ಮಾಂಗಲ್ಯದ ಮಣಿಯನ್ನೂ ಚೌಕಾಶಿ ಮಾಡಿಯೇ ಒಯ್ಯುತ್ತಾರೆ. ಹುಡುಗಿ ಅಂದು ಮನಸ್ಸಿಗೆ ಬಂದಿತ್ತೇ ಎಂದು ಕೇಳಿದೆ.

"ಕಣ್ಣೆತ್ತಿ ನೋಡಬ್ಯಾಡ, ಅವರಿಗೆ ಮುಜುಗರ ಆಗ್ತದ ಅಂತ ಅಮ್ಮ ಮೊದಲೇ ಹೇಳಿದ್ದಳು. ಅದಕ್ಕ ತಿರಗಲಿಲ್ಲ" ಎಂದ. "ಗಡಿಯಾರಕ್ಕ ಗಾಜು ಅದ ಅಲ್ಲರಿ. ಅದರಾಗ ಅವರ ಮುಖ ಚೊಲೋ ಕಾಣಸ್ತಿತ್ತು."

ನತ್ತನ್ನು ಅವನು ಜೇಬಿಗೆ ಹಾಕಲಿಲ್ಲ, ನನ್ನ ಕಡೆಗೆ ಸರಿಸಿದ. ಇದು ನಲಿನಿಬಾಯಿಯದು, ಅಮ್ಮ ಅವರಿಗೆಂದು ಆರಿಸಿದ್ದು, ಇಟ್ಟುಕೊಳ್ಳಿ ಎಂದ. ಕಳಿಸಿಕೊಡಲೇ ಎಂದು ಕೇಳಿದೆ.

"ಕಳಸಬ್ಯಾಡ್ರಿ. ಅವರಾಗೇ ಬಂದು ಕೇಳಿದರ ಕೊಡ್ರಿ. ಕೊಡಾಗ ಒಂದ ಮಾತು ಕೇಳ್ರಿ, ಆವತ್ತು ಚಪ್ಪಾಳಿ ಹೊಡದಿದ್ರೋ ಇಲ್ಲೋ ಅಂತ. ಹೊಡದಿದ್ದೆ ಅಂದರೂ ಕೊಡ್ರಿ, ಇಲ್ಲ ಅಂದರೂ ಕೊಡ್ರಿ."

ಅವನು ಕೂಗಾಡಲಿಲ್ಲ, ಅಳಲಿಲ್ಲ, ಚಪ್ಪಲಿ ಮೆಟ್ಟಿಕೊಂಡು ಹೋದ. ನಾನು ಬಹಳ ಜನರ ಸೇಡು ನೋಡಿದ್ದೇನೆ. ಇಷ್ಟು ಅಚ್ಚುಕಟ್ಟಾದ ಸೇಡು ನೋಡಿರಲಿಲ್ಲ. ಅವನು ಮುಂದೆ ರಾಯಚೂರಿನಲ್ಲೇ ಮದುವೆಯಾದನಂತೆ. ಆ ಮದುವೆಯ ನತ್ತು ಬೇರೆ ಅಂಗಡಿಯದು.

ವಾರದೊಳಗೆ ನಲಿನಿ ಬಂದಳು. ನಾನು ಎಲ್ಲವನ್ನೂ ಹೇಳಿದೆ, ಗಾಜಿನ ಮಾತನ್ನೂ ಸೇರಿಸಿ. ಹೇಳದೆ ಇರಬಹುದಿತ್ತು. ಆದರೆ ಮಾಲಿನ ಪೂರ್ತಿ ವಿವರ ಹೇಳದೆ ಕೊಡುವುದು ನನ್ನ ಪದ್ಧತಿಯಲ್ಲ. ನತ್ತನ್ನು ಬಿಳಿ ಬಟ್ಟೆಯ ಮೇಲೆ ಇಟ್ಟು ಮುಂದೆ ಸರಿಸಿದೆ. ಆಕೆ ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ಅದನ್ನು ನೋಡಿದಳು. ಮುಟ್ಟಲಿಲ್ಲ.

"ಚೌಕಾಶಿ ಮಾಡಲಿಲ್ಲೇನ್ರಿ ಕಾಕಾ?"

"ಇಲ್ಲವ್ವ."

"ಅವರಮ್ಮನೂ ಬೆಲಿ ಕೇಳಿದ್ದಿಲ್ಲ."

"ಪದ್ಧತಿ ಹಂಗಿತ್ತಂತ."

ನಾನು ಗುರುರಾಜನ ಪ್ರಶ್ನೆಯನ್ನು ಕೇಳಬೇಕಾಗಿತ್ತು. ಆದರೆ ಆಕೆ ಕೊಡಿ ಎಂದು ಕೇಳಲಿಲ್ಲ. ಕೇಳದೆ ನಾನು ಪ್ರಶ್ನೆ ಹಾಕುವಂತಿರಲಿಲ್ಲ. ಆಕೆ ಎದ್ದು, ಎತ್ತಿಡ್ರಿ ಎಂದಳು. ನಾಳೆ ಬರುತ್ತೇನೆ ಎನ್ನಲಿಲ್ಲ. ನತ್ತನ್ನು ತಗಡಿನ ಡಬ್ಬಿಗೆ ಹಾಕಿದೆ, ಈ ಸಲ ಕಪಾಟಿಗೆ ಮರಳಿಸಲಿಲ್ಲ.

ರಾಯರು ನಿವೃತ್ತರಾಗಿ ಕಾಚಿಗುಡಾದಲ್ಲಿ ಎರಡು ಬಾಡಿಗೆ ಕೋಣೆಗೆ ಹೋದರು. ಅಲ್ಲಿ ಗೋಡೆ ಇನ್ನೂ ತೆಳುವು, ಆದರೆ ಪಕ್ಕದವರಿಗೆ ಕೇಳುವಂಥದ್ದು ಏನೂ ನಡೆಯುತ್ತಿರಲಿಲ್ಲ. ಕೆಲವು ವರ್ಷಕ್ಕೆ ಗಂಡ ಹೆಂಡತಿ ಇಬ್ಬರೂ ತೀರಿಕೊಂಡರು. ನಲಿನಿ ಹೊಟ್ಟೆಗಾಗಿ ತನಗೆ ಬರುತ್ತಿದ್ದ ಒಂದೇ ಕೆಲಸ ಹಿಡಿದಳು. ಪ್ರವಾಸಿಗಳನ್ನು ಬಸ್ಸಿನಲ್ಲಿ ಊರು ತೋರಿಸುವ ಕಂಪನಿಯೊಂದರಲ್ಲಿ ಗೈಡು. ಸಂಬಳ ಕೊಟ್ಟು ಆಕೆಯನ್ನು ನೋಡಿದವರು ಇವರೇ ಮೊದಲು. ತೆಲುಗು, ಹಿಂದಿ, ಇಂಗ್ಲಿಷು, ಕನ್ನಡದ ಗುಂಪು ಬಂದರೆ ಕನ್ನಡ. ದನಿಗೆ ಕಡೆಗೂ ಬೆಲೆ ಬಂತು. ಬಸ್ಸಿನಲ್ಲಿ ಮೈಕು ಬೇಡವೆನ್ನುತ್ತಿದ್ದಳು. ಗಡಿಯಾರದ ಮುಂದೆ ಗುಂಪನ್ನು ಕೂರಿಸಿ ತಾನು ಹೊರಗೆ ಹೋಗಿ ನಿಲ್ಲುತ್ತಿದ್ದಳಂತೆ. ಹನ್ನೆರಡಾದರೂ ಅಷ್ಟೇ, ಒಂದಾದರೂ ಅಷ್ಟೇ.

ಗೋಲ್ಕೊಂಡದ ವಿಷಯ ನನಗೆ ಬೇರೆ ಗೈಡುಗಳಿಂದ ಗೊತ್ತು. ಅವರೆಲ್ಲ ಗುಂಪಿನ ಜೊತೆ ಒಂದಿಷ್ಟು ಹತ್ತಿ, ಕೆಳಗೆ ಯಾರಿಂದಲೋ ಎರಡು ಚಪ್ಪಾಳೆ ಹೊಡೆಸಿ ಮುಗಿಸುತ್ತಾರೆ. ನಲಿನಿಬಾಯಿ ಹತ್ತುವುದಿಲ್ಲ. ಗುಮ್ಮಟದ ಕೆಳಗೆ ತಾನೇ ನಿಂತು ಹೊಡೆಯುತ್ತಾಳೆ. ನಿಲ್ಲಿಸುವುದಿಲ್ಲ. ಗುಂಪಿನ ಕಡೆಯ ಮುದುಕಿ ಇಳಿದು ಬಂದು, ಕೇಳಿತು ಎಂದು ತನ್ನ ಬಾಯಿಂದ ಹೇಳುವ ತನಕ ಹೊಡೆಯುತ್ತಲೇ ಇರುತ್ತಾಳೆ. ಯಾರಾದರೂ ಕೇಳಲಿಲ್ಲ ಎಂದರೆ ಅವರನ್ನು ಮತ್ತೆ ಹತ್ತಿಸುವುದಿಲ್ಲ, ಪಕ್ಕದಲ್ಲಿ ನಿಲ್ಲಿಸಿಕೊಂಡು ಅವರ ಕಿವಿಯ ಹತ್ತಿರವೇ ಹೊಡೆದು ತೋರಿಸುತ್ತಾಳೆ. ಕಂಪನಿಯ ಡ್ರೈವರುಗಳು ಆಕೆಗೆ ತಾಲಿಯಮ್ಮ ಎಂದು ಹೆಸರಿಟ್ಟರು. ಅವರ ಉರ್ದುವಿನಲ್ಲಿ ತಾಲಿ ಎಂದರೆ ಚಪ್ಪಾಳೆ. ಆ ಬಸ್ಸು ಗೋಲ್ಕೊಂಡದಿಂದ ಯಾವಾಗಲೂ ತಡವಾಗಿ ಹೊರಡುತ್ತಿತ್ತು.

ತಡವಾದರೂ ಪತ್ಥರಗಟ್ಟಿಯಲ್ಲಿ ನಿಲ್ಲುತ್ತಿತ್ತು. ಇಷ್ಟು ವರ್ಷವೂ ಆಕೆ ತನ್ನ ಗುಂಪುಗಳನ್ನು ನನ್ನ ಅಂಗಡಿಗೇ ಕರೆತಂದಳು. ಗಿರಾಕಿಗಳು ಮುತ್ತು ನೋಡುವಾಗ ಆಕೆ ಅದೇ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಯಾರು ಕೊಳ್ಳುತ್ತಾರೆ, ಯಾರು ಕೊಳ್ಳುವುದಿಲ್ಲ ಎಂದು ಮೊದಲಿನ ಹಾಗೆ ಕಣ್ಣಲ್ಲಿ ಹೇಳುತ್ತಿರಲಿಲ್ಲ. ನಾನೂ ಬೆಲೆ ಕೇಳದವರಿಗೆ ಚಹಾ ತರಿಸತೊಡಗಿದೆ. ಅವರಲ್ಲಿ ಹೆಚ್ಚಿನವರು ಚಹಾ ಕುಡಿದು ಎದ್ದು ಹೋದರು. ಸೂತ್ರ ಅಷ್ಟೇನೂ ತಪ್ಪಿರಲಿಲ್ಲ.

ಒಂದು ಸಲ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ನತ್ತು ಕೇಳಿ ತೊಗೋ ಎಂದು ನಾನೇ ಹೇಳಿದೆ. ಯಾರಿಗೂ ತಿಳಿಯುವುದಿಲ್ಲ, ಅವನು ಎಲ್ಲಿದ್ದಾನೋ ಏನೋ, ಪ್ರಶ್ನೆಯನ್ನು ನಾನು ನುಂಗಿಕೊಳ್ಳುತ್ತೇನೆ ಎಂದೆ.

"ನೀವು ಕೇಳಲಿಕ್ಕಿಲ್ಲರಿ ಕಾಕಾ" ಎಂದಳು. "ಹಾಕ್ಕೊಂಡ ಮ್ಯಾಲೆ ಅದು ಕೇಳ್ತದ."

ಈಗ ಆಕೆ ಕೆಲಸ ಬಿಟ್ಟು ಮಿಯಾಪುರದಲ್ಲಿ ಒಂದು ಕೋಣೆಯ ಫ್ಲ್ಯಾಟಿನಲ್ಲಿದ್ದಾಳೆ. ನನಗೂ ಗಲ್ಲೆಯ ಮುಂದೆ ಕೂರುವಷ್ಟು ಶಕ್ತಿಯಿಲ್ಲ. ಅಂಗಡಿ ಮಗನ ಕೈಗೆ ಹೋಗುತ್ತದೆ, ಕಪಾಟಿನ ಮಾಲೆಲ್ಲ ಅವನದು. ತಗಡಿನ ಡಬ್ಬಿ ಅದರಲ್ಲಿ ಸೇರಿಲ್ಲ ಎಂದು ಅವನಿಗೆ ಹೇಳಿದ್ದೇನೆ. ಮುತ್ತು ಸ್ವಲ್ಪ ಹಳದಿಗೆ ತಿರುಗಿದೆ, ಕೆಂಪು ಹಾಗೇ ಇದೆ. ಆಕೆ ಕೇಳಿಲ್ಲ, ಆದ್ದರಿಂದ ನಾನು ಕೊಟ್ಟಿಲ್ಲ. ನಲಿನಿಬಾಯಿಗೆ ನಾನು ಒಂದು ಮುತ್ತಿನ ನತ್ತು ಕೊಡಬೇಕಾಗಿದೆ.